ಊಟ ಬಿಟ್ಟು ಶೇಕ್: ಟೈಪ್ 2 ಶುಗರ್ ಇರುವವರಿಗೆ, ಮಾತ್ರೆಯಿಂದ ಮುದ್ದೆಯವರೆಗೆ

ಮೂರು ತಿಂಗಳು ಊಟ ಪೂರ್ತಿ ಬಿಟ್ಟು, ದಿನಕ್ಕೆ ನಾಲ್ಕು ಸಲ ಪುಡಿ ಕಲಸಿ ಕುಡಿಯುವುದು ಅಂದರೆ ಯಾವುದೋ ಜಾಹೀರಾತಿನ ಮಾತಿನಂತೆ ಕೇಳುತ್ತದೆ. ಆದರೆ ಇದರ ಹಿಂದೆ ಗಟ್ಟಿಯಾದ ಪ್ರಯೋಗವಿದೆ. ಬ್ರಿಟನ್ನಿನಲ್ಲಿ ನ್ಯೂಕ್ಯಾಸಲ್‌ನ ರಾಯ್ ಟೇಲರ್ ಮತ್ತು ಗ್ಲ್ಯಾಸ್ಗೋದ ಮೈಕ್ ಲೀನ್ ಮುಂದಾಳುತನದಲ್ಲಿ ನಡೆದ ‘ಡೈರೆಕ್ಟ್’ ಅಧ್ಯಯನದ ಮೊದಲ ವರ್ಷದ ಫಲಿತಾಂಶ 2017ರ ಡಿಸೆಂಬರ್‌ನಲ್ಲಿ ಬಂತು. ದಿನಕ್ಕೆ 825ರಿಂದ 853 ಕ್ಯಾಲೊರಿಯ ಶೇಕ್ ಮತ್ತು ಸೂಪು, 3ರಿಂದ 5 ತಿಂಗಳು, ಆಮೇಲೆ ನಿಧಾನವಾಗಿ ಊಟ. ಒಂದು ವರ್ಷದ ಕೊನೆಗೆ ಈ ಗುಂಪಿನ ಶೇ. 46 ಜನರಲ್ಲಿ ಶುಗರ್ ಮಾತ್ರೆಯೇ ಇಲ್ಲದೆ, ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 6.5ಕ್ಕಿಂತ ಕೆಳಗಿತ್ತು. 15 ಕೆ.ಜಿ. ಅಥವಾ ಅದಕ್ಕೂ ಹೆಚ್ಚು ಇಳಿಸಿದವರಲ್ಲಿ ಆ ಪ್ರಮಾಣ ಶೇ. 86. ಎರಡನೇ ವರ್ಷದ ಕೊನೆಗೆ ಒಟ್ಟಾರೆ ಶೇ. 36ಕ್ಕೆ ಇಳಿಯಿತು, ಏಕೆಂದರೆ ಕೆಲವರಿಗೆ ತೂಕ ಮರಳಿತು.

ಸಂಖ್ಯೆ ನೋಡಿ ಹುಮ್ಮಸ್ಸು ಬರುವ ಮುಂಚೆ ಅಲ್ಲಿ ಯಾರಿದ್ದರು ಅನ್ನುವುದನ್ನೂ ನೋಡಬೇಕು. ವಯಸ್ಸು 20ರಿಂದ 65, ಶುಗರ್ ಬಂದು 6 ವರ್ಷದೊಳಗೆ, ಇನ್ಸುಲಿನ್ ತೆಗೆದುಕೊಳ್ಳದವರು. ಹತ್ತು ಹನ್ನೆರಡು ವರ್ಷದಿಂದ ಶುಗರ್ ಇರುವವರಿಗೂ ತೂಕ ಇಳಿದರೆ ಲಾಭವಿದೆ, ಮಾತ್ರೆ ಕಡಿಮೆಯಾಗುತ್ತದೆ. ಆದರೆ ಪೂರ್ತಿ ಬಿಟ್ಟುಹೋಗುವ ಸಾಧ್ಯತೆ ಕಡಿಮೆ. ಯಕೃತ್ತಿನಲ್ಲಿ ತುಂಬಿದ ಕೊಬ್ಬು ಕರಗಿದ ಕೂಡಲೇ ಬೆಳಗಿನ ಶುಗರ್ ಇಳಿಯುತ್ತದೆ, ಎಷ್ಟೋ ಸಲ ಮೊದಲ ವಾರದಲ್ಲೇ. ಮೇದೋಜೀರಕ ಗ್ರಂಥಿಯ ಕೊಬ್ಬು ಕರಗಿ, ಇನ್ಸುಲಿನ್ ಮಾಡುವ ಜೀವಕೋಶಗಳು ಮತ್ತೆ ಕೆಲಸಕ್ಕಿಳಿಯಲು ವಾರಗಳು ಬೇಕು. ಆ ಕೋಶಗಳು ಬಹಳ ವರ್ಷ ಸೊರಗಿದ್ದರೆ ಮೇಲೇಳುವುದು ಕಷ್ಟ.

ಈ ಕ್ರಮದಲ್ಲಿ ಪುಡಿ ಕಲಸುವುದೇ ಅತ್ಯಂತ ಸುಲಭದ ಕೆಲಸ. ಕೆಡುವುದು ಎರಡು ಕಡೆ: ಮೊದಲ ದಿನದ ಮಾತ್ರೆಯಲ್ಲಿ, ಮತ್ತು ಊಟಕ್ಕೆ ಮರಳುವ ವಾರಗಳಲ್ಲಿ. ಹಾಗಾಗಿ ಈ ಬರಹದಲ್ಲೂ ಆ ಎರಡಕ್ಕೇ ಹೆಚ್ಚು ಜಾಗ.

ಯಾರಿಗೆ ಸರಿ, ಯಾರಿಗೆ ಬೇಡ

ಕೆ.ಜಿ.ಯಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ. 165 ಸೆಂ.ಮೀ. ಎತ್ತರ, 74 ಕೆ.ಜಿ. ಇದ್ದರೆ ಸುಮಾರು 27. ಭಾರತೀಯರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಬಿಳಿಯರಿಗಿಂತ ಕಡಿಮೆ ತೂಕದಲ್ಲೇ ನಮ್ಮ ಹೊಟ್ಟೆಯೊಳಗೆ ಕೊಬ್ಬು ಸೇರುತ್ತದೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮೀರಿದ್ದರೆ ಅದೂ ಸೂಚನೆಯೇ. ಗುರಿ 15 ಕೆ.ಜಿ. ಎಂದು ಕಣ್ಣುಮುಚ್ಚಿ ಇಟ್ಟುಕೊಳ್ಳಬೇಡಿ. ಡೈರೆಕ್ಟ್‌ನಲ್ಲಿದ್ದವರು ಸರಾಸರಿ ನೂರು ಕೆ.ಜಿ. ಆಸುಪಾಸಿನವರು. ಈಗಿನ ತೂಕದ ಶೇ. 10ರಿಂದ 15 ಅನ್ನಿ, 74 ಕೆ.ಜಿ.ಗೆ ಅದು 7ರಿಂದ 11 ಕೆ.ಜಿ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಟೈಪ್ 1 ಇರುವವರು, ಕಿಡ್ನಿ ಗಂಭೀರವಾಗಿ ಸೋತವರು, ಕಳೆದ ಆರು ತಿಂಗಳಲ್ಲಿ ಹೃದಯಾಘಾತ ಆದವರು, ಊಟದ ವಿಷಯದಲ್ಲಿ ಮಾನಸಿಕ ತೊಂದರೆ ಇರುವವರು, ಪಿತ್ತಕೋಶದ ಕಲ್ಲಿನಿಂದ ನೋವು ತಿನ್ನುತ್ತಿರುವವರು, ಇವರಿಗೆಲ್ಲ ಪೂರ್ಣ ಬದಲಿ, ಅಂದರೆ ಎಲ್ಲ ಹೊತ್ತೂ ಊಟದ ಬದಲು ಶೇಕ್, ಬೇಡ. ಎಪ್ಪತ್ತರ ಆಸುಪಾಸಿನ, ಕೈಕಾಲು ತೆಳ್ಳಗಾಗಿ ಹೊಟ್ಟೆ ಮಾತ್ರ ಮುಂದಿರುವ ಹಿರಿಯರಿಗೂ ಬೇಡ; ಕೊಬ್ಬಿನ ಜತೆ ಸ್ನಾಯುವೂ ಹೋಗುತ್ತದೆ, ಬಿದ್ದರೆ ಸೊಂಟ ಮುರಿಯುತ್ತದೆ. ಇನ್ಸುಲಿನ್ ಮೇಲಿರುವವರು ಮಾಡಬಹುದು, ಆದರೆ ವಾರವಾರ ನೋಡುವ ತಜ್ಞರ ಕೈಕೆಳಗೆ ಮಾತ್ರ. ಪ್ರಯತ್ನವಿಲ್ಲದೆಯೇ ತೂಕ ಇಳಿಯುತ್ತಾ ಶುಗರ್ ಏರುತ್ತಿದ್ದರೆ ಅದು ಟೈಪ್ 2 ಆಗಿರದೇ ಇರಬಹುದು. ಆಗ ಮೊದಲು ಬೇಕಾದ್ದು, ದೇಹ ಎಷ್ಟು ಇನ್ಸುಲಿನ್ ಮಾಡುತ್ತಿದೆ ಎಂದು ತೋರಿಸುವ ಸಿ-ಪೆಪ್ಟೈಡ್‌ನಂಥ ಪರೀಕ್ಷೆ, ಶೇಕ್ ಅಲ್ಲ.

ಶುರುವಿಗೆ ಮುಂಚೆ ಮಾಡಿಸಬೇಕಾದವು: ಎಚ್‌ಬಿಎ1ಸಿ, ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್, ಲಿವರ್ ಪರೀಕ್ಷೆ, ಕೊಲೆಸ್ಟರಾಲ್, ಯೂರಿಕ್ ಆಸಿಡ್, ಥೈರಾಯ್ಡ್, ಇಸಿಜಿ. ಇವಕ್ಕೆಲ್ಲ ಸಾಮಾನ್ಯವಾಗಿ ಜನ ಒಪ್ಪುತ್ತಾರೆ. ಬಿಟ್ಟುಬಿಡುವುದು ಕಣ್ಣಿನ ಪರೀಕ್ಷೆಯನ್ನು. ಕಣ್ಣಿನ ಒಳಪರದೆಯಾದ ರೆಟಿನಾದಲ್ಲಿ ಈಗಾಗಲೇ ತೊಂದರೆ ಇದ್ದಾಗ ಶುಗರ್ ಒಮ್ಮೆಲೇ ಇಳಿದರೆ ಅದು ತಾತ್ಕಾಲಿಕವಾಗಿ ಹೆಚ್ಚಾಗಬಹುದು. ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲಿಸಿ ನೋಡಿಸಿಕೊಂಡೇ ಮುಂದುವರಿಯಿರಿ.

ಮೊದಲು ಮಾತ್ರೆ, ಆಮೇಲೆ ಪುಡಿ

ಮಾತ್ರೆಯ ಪಟ್ಟಿಯನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ. ನಮ್ಮಲ್ಲಿ ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಿ ಸೇರಿರುವುದು ಮಾಮೂಲು. ‘ನಾನು ಒಂದೇ ಮಾತ್ರೆ ತಗೊಳ್ಳೋದು’ ಅನ್ನುವವರ ಆ ಒಂದರಲ್ಲಿ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಎರಡೂ ಇರುತ್ತವೆ. ಹೆಸರುಗಳನ್ನು ಬರೆದುಕೊಂಡು ವೈದ್ಯರ ಬಳಿ ಹೋಗಿ, ಶುರು ಮಾಡುವ ತಾರೀಖು ಹೇಳಿ, ಪ್ರತಿಯೊಂದಕ್ಕೂ ‘ಆ ದಿನ ಇದನ್ನು ಏನು ಮಾಡಲಿ’ ಎಂದು ಕೇಳಿ ಬರೆಸಿಕೊಳ್ಳಿ. ನೀವೇ ನಿಲ್ಲಿಸುವುದೂ ತಪ್ಪು, ಕೇಳದೆ ಮುಂದುವರಿಸುವುದೂ ತಪ್ಪು.

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್: ಊಟ ಇದ್ದರೂ ಇಲ್ಲದಿದ್ದರೂ ಇವು ಇನ್ಸುಲಿನ್ ಹಿಂಡಿ ಹೊರಡಿಸುತ್ತವೆ. 800 ಕ್ಯಾಲೊರಿಯ ದಿನದಲ್ಲಿ ಇವನ್ನು ನುಂಗಿದರೆ ಶುಗರ್ 70ಕ್ಕಿಂತ ಕೆಳಗೆ ಬೀಳುವ ಅಪಾಯ ಹೆಚ್ಚು. ಬೆವರು, ನಡುಕ, ಮಂಪರು, ಕೆಲವೊಮ್ಮೆ ಎಚ್ಚರ ತಪ್ಪುವುದು. ಸಾಮಾನ್ಯವಾಗಿ ಮೊದಲ ದಿನವೇ ಇವನ್ನು ನಿಲ್ಲಿಸುತ್ತಾರೆ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ರೆಮೋಗ್ಲಿಫ್ಲೋಜಿನ್: ಕೊನೆಯಲ್ಲಿ ‘ಗ್ಲಿಫ್ಲೋಜಿನ್’ ಎಂದಿರುವ ಯಾವುದೇ ಹೆಸರು ಕಂಡರೆ ನಿಂತು ಯೋಚಿಸಿ. ಇವು ಸಕ್ಕರೆಯನ್ನು ಮೂತ್ರದಲ್ಲಿ ಕಳಿಸುತ್ತವೆ. ಊಟದ ಪಿಷ್ಟ ತೀರಾ ಕಡಿಮೆಯಾದಾಗ ಕೊಬ್ಬು ಕರಗಿ ಬರುವ ಕೀಟೋನ್ ಎಂಬ ಆಮ್ಲ ದೇಹದಲ್ಲಿ ಏರುತ್ತದೆ. ಈ ಮಾತ್ರೆ ಜತೆಗಿದ್ದರೆ ಅದು ಕೀಟೊ ಆಸಿಡೋಸಿಸ್ ಎಂಬ ಪ್ರಾಣಾಪಾಯಕ್ಕೆ ತಿರುಗಬಹುದು. ಮೋಸದ ಸಂಗತಿ ಏನೆಂದರೆ ಆಗ ಗ್ಲುಕೋಮೀಟರ್ 150, 180 ಎಂದಷ್ಟೇ ತೋರಿಸುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ಅಂಕಿ ನೋಡಿ ಸಮಾಧಾನ ಪಡಬೇಡಿ, ಆಸ್ಪತ್ರೆಗೆ ಹೋಗಿ, ಯಾವ ಮಾತ್ರೆ ನುಂಗಿದ್ದಿರಿ ಎಂದು ಹೇಳಿ. ಭಾರತದಲ್ಲಿ 2020ರಲ್ಲಿ ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಮುಗಿದ ಮೇಲೆ ಅದು ಅಗ್ಗವಾಗಿ ಸಣ್ಣ ಊರಿನ ಮೆಡಿಕಲ್ ಶಾಪಿಗೂ ಬಂದಿದೆ, ಆದ್ದರಿಂದ ಇಷ್ಟು ಹೇಳುವುದು. ಹೃದಯ ವೈಫಲ್ಯಕ್ಕೋ ಕಿಡ್ನಿಗೋ ಎಂದು ಇದನ್ನು ಕೊಟ್ಟಿದ್ದರೆ ನಿಲ್ಲಿಸುವ ಹಾಗಿಲ್ಲದಿರಬಹುದು. ಅಂಥವರು ಪೂರ್ಣ ಬದಲಿಯ ಆಸೆ ಬಿಟ್ಟು ಕೆಳಗೆ ಹೇಳಿರುವ ಅರ್ಧ ಬದಲಿಯ ಬಗ್ಗೆ ವೈದ್ಯರನ್ನು ಕೇಳುವುದು ಲೇಸು.

ಮೆಟ್‌ಫಾರ್ಮಿನ್ ಒಂದೇ ಆದರೆ ಶುಗರ್ ಕುಸಿಯುವ ಭಯ ತೀರಾ ಕಡಿಮೆ. ಡೈರೆಕ್ಟ್‌ನಲ್ಲಿ ಅದನ್ನೂ ನಿಲ್ಲಿಸಿದ್ದರು, ಕೆಲವು ವೈದ್ಯರು ಮುಂದುವರಿಸುತ್ತಾರೆ.

ಬಿಪಿ ಮಾತ್ರೆ ಎಲ್ಲರೂ ಮರೆಯುವಂಥದ್ದು. ಮೊದಲ ವಾರ ದೇಹದಿಂದ ಉಪ್ಪು, ನೀರು ಹೊರಹೋಗುವುದರಿಂದ ಬಿಪಿ ಇಳಿಯುತ್ತದೆ. ಮಾತ್ರೆಯೂ ಇದ್ದರೆ ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಕಣ್ಣು ಕತ್ತಲೆ. ಡೈರೆಕ್ಟ್‌ನಲ್ಲಿ ಬಿಪಿ ಮಾತ್ರೆಯನ್ನೂ ಮೊದಲ ದಿನವೇ ನಿಲ್ಲಿಸಿ, ಏರಿದರೆ ಮತ್ತೆ ಕೊಟ್ಟರು. ಆದರೆ ಹೃದಯದ ಕಾರಣಕ್ಕೆ ಕೊಟ್ಟ ಮೆಟೊಪ್ರೊಲೋಲ್‌ನಂಥದ್ದನ್ನು ಏಕಾಏಕಿ ಬಿಡುವಂತಿಲ್ಲ. ಥೈರಾಯ್ಡ್ ಮಾತ್ರೆ ನುಂಗುವವರು, ಸೋಯಾ ಇರುವ ಪುಡಿಯಾದರೆ, ಎರಡರ ನಡುವೆ ಕೆಲವು ಗಂಟೆ ಅಂತರ ಇಡಿ. ಹಾಗಲಕಾಯಿ ರಸ, ಮೆಂತ್ಯದ ನೀರು, ಯಾರೋ ಕೊಟ್ಟ ಕಷಾಯ, ಇವೆಲ್ಲವನ್ನು ಈ ಮೂರು ತಿಂಗಳು ದೂರ ಇಡಿ; ಶುಗರ್ ಇಳಿದರೆ ಯಾವುದರಿಂದ ಎಂದೇ ಗೊತ್ತಾಗದೆ ಹೋಗುತ್ತದೆ.

ಪುಡಿ ಆರಿಸುವುದು

ಅಂಗಡಿಯಲ್ಲಿ ‘ಡಯಾಬಿಟಿಸ್ ಇರುವವರಿಗೆ’ ಎಂದು ಮಾರುವ ಡಬ್ಬಿಗಳಲ್ಲಿ ಹೆಚ್ಚಿನವು ಊಟದ ಜತೆಗೆ ಕುಡಿಯಲು ಮಾಡಿದವು, ಊಟದ ಬದಲಿಗೆ ಅಲ್ಲ. ಜಿಮ್‌ನವರ ವೇ ಪ್ರೊಟೀನ್ ಪುಡಿಯೂ ಊಟವಲ್ಲ. ಅದರಲ್ಲಿ ಅಗತ್ಯ ಕೊಬ್ಬು, ವಿಟಮಿನ್, ಖನಿಜ ಇರುವುದಿಲ್ಲ. ರಾಗಿ ಮಾಲ್ಟ್, ಅಂಬಲಿ, ಹುರಿದ ಕಡಲೆಯ ‘ಸತ್ತು’ ಹಿಟ್ಟು ಮನೆಯ ಒಳ್ಳೆಯ ಆಹಾರವೇ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 7 ಗ್ರಾಂ ಪ್ರೊಟೀನ್, ಅದರ ಹತ್ತು ಪಟ್ಟಿನ ಹತ್ತಿರ ಪಿಷ್ಟ. ಬರೀ ಗಂಜಿಯ ಮೇಲೆ ಮೂರು ತಿಂಗಳು ಕಳೆದರೆ ತೂಕವೇನೋ ಇಳಿಯುತ್ತದೆ, ಅದರಲ್ಲಿ ಸ್ನಾಯುವಿನ ಪಾಲು ದೊಡ್ಡದಿರುತ್ತದೆ.

ಡಬ್ಬಿಯ ಹಿಂಭಾಗ ನೋಡಿ. ತೂಕ ಇಳಿಸುವ ಆಹಾರಕ್ಕೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡ ಹೇಳುವುದು ಇಷ್ಟು: ಒಂದು ಊಟದ ಬದಲಿಯಾದರೆ 200ರಿಂದ 400 ಕ್ಯಾಲೊರಿ, ಇಡೀ ದಿನದ ಬದಲಿಯಾದರೆ 800ರಿಂದ 1200. ಒಂದು ಹೊತ್ತಿಗೆ 15ರಿಂದ 20 ಗ್ರಾಂ ಪ್ರೊಟೀನ್ ಇರಲಿ. 8 ಗ್ರಾಂ ಇದ್ದರೆ ನಾಲ್ಕು ಹೊತ್ತಿಗೆ 32, ಅದು ಸಾಲದು. ವಿಟಮಿನ್, ಖನಿಜಗಳ ಪಟ್ಟಿಯಲ್ಲಿ ಪ್ರತಿಯೊಂದರ ಮುಂದೆ ದಿನದ ಅಗತ್ಯದ ಶೇಕಡಾವಾರು ಬರೆದಿರುತ್ತದೆ; ನಾಲ್ಕು ಹೊತ್ತು ಸೇರಿ 100 ಆಗಬೇಕು. ನಾರು ಎಷ್ಟು ಹೆಚ್ಚಿದ್ದರೆ ಅಷ್ಟು ಒಳ್ಳೆಯದು. ‘ಸಕ್ಕರೆ ಸೇರಿಸಿಲ್ಲ’ ಎಂದು ಮುಂದೆ ಬರೆದು ಹಿಂದೆ ಮೊದಲ ಪದಾರ್ಥವೇ ಮಾಲ್ಟೋಡೆಕ್ಸ್‌ಟ್ರಿನ್ ಆಗಿದ್ದರೆ ಆ ಡಬ್ಬಿ ಇಟ್ಟುಬಿಡಿ, ಪಿಷ್ಟದಿಂದ ಮಾಡಿದ ಆ ಪುಡಿ ರಕ್ತದ ಶುಗರನ್ನು ಸಕ್ಕರೆಯಷ್ಟೇ ವೇಗವಾಗಿ ಏರಿಸುತ್ತದೆ. ಕೊಬ್ಬು ಪೂರ್ತಿ ಸೊನ್ನೆ ಇರುವುದೂ ಬೇಡ, ಪಿತ್ತಕೋಶ ಖಾಲಿಯಾಗದೆ ಕಲ್ಲು ಕಟ್ಟಲು ಅದು ದಾರಿ.

ಇನ್ನೊಂದು ಸಾಲು ಹುಡುಕಿ: ಕ್ಯಾಲೊರಿ ಲೆಕ್ಕ ನೀರಿನಲ್ಲಿ ಕಲಸಿದ್ದಕ್ಕೋ ಹಾಲಿನಲ್ಲಿ ಕಲಸಿದ್ದಕ್ಕೋ? ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲು 200 ಮಿ.ಲೀ. ಅಂದರೆ ಸುಮಾರು 115–120 ಕ್ಯಾಲೊರಿ. ನೀರಿನ ಪುಡಿಯನ್ನು ದಿನಕ್ಕೆ ನಾಲ್ಕು ಸಲ ಹಾಲಿನಲ್ಲಿ ಕಲಸಿದರೆ 850 ಇದ್ದದ್ದು 1300 ದಾಟುತ್ತದೆ. ‘ಎಲ್ಲ ಸರಿಯಾಗಿ ಮಾಡಿದರೂ ಇಳಿಯುತ್ತಿಲ್ಲ’ ಎಂದಾಗ ಮೊದಲು ನೋಡಬೇಕಾದದ್ದು ಇದನ್ನು, ಎರಡನೆಯದಾಗಿ ಕಾಫಿಯ ಲೋಟವನ್ನು.

ದಿನಚರಿ

ನಾಲ್ಕು ಶೇಕ್, ತಲಾ 200 ಕ್ಯಾಲೊರಿ ಆಸುಪಾಸು, ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4, ರಾತ್ರಿ 8. ಬಿಡಬೇಡಿ, ಬೆಳಗಿನದು ಬಿಟ್ಟವರು ರಾತ್ರಿ ಹತ್ತಕ್ಕೆ ಮಿಕ್ಸ್ಚರ್ ಡಬ್ಬಿಯ ಮುಂದೆ ನಿಂತಿರುತ್ತಾರೆ. ಶೇಕರ್‌ಗೆ ಮೊದಲು 200–250 ಮಿ.ಲೀ. ನೀರು, ಮೇಲೆ ಪುಡಿ, ಅರ್ಧ ನಿಮಿಷ ಅಲುಗಾಡಿಸಿ. ಪುಡಿ ಮೊದಲು ಹಾಕಿದರೆ ತಳದಲ್ಲಿ ಗಂಟು. ಬಿಸಿ ಬೇಕಿದ್ದರೆ ಸ್ವಲ್ಪ ತಣ್ಣೀರಲ್ಲಿ ಪೇಸ್ಟ್ ಮಾಡಿ ಆಮೇಲೆ ಬೆಚ್ಚಗಿನ ನೀರು ಬೆರೆಸಿ; ಕುದಿನೀರಿಗೆ ನೇರ ಹಾಕಿದರೆ ಪ್ರೊಟೀನ್ ಒಡೆದು ಚೂರುಚೂರಾಗುತ್ತದೆ. ವೆನಿಲಾ ರುಚಿಗೆ ಎರಡು ಚಮಚ ಫಿಲ್ಟರ್ ಡಿಕಾಕ್ಷನ್ ಹಾಕಿದರೆ ಮೂರನೇ ವಾರದ ಬೇಸರ ಸ್ವಲ್ಪ ಕಳೆಯುತ್ತದೆ. ಏಲಕ್ಕಿ, ಚಕ್ಕೆ ಪುಡಿ ಆಗಬಹುದು, ಬೆಲ್ಲ ಮತ್ತು ಜೇನು ಆಗದು.

ಶೇಕ್ ಹೊರತಾಗಿ ಎರಡೂವರೆ ಲೀಟರ್ ನೀರು, ರಾಯಚೂರು ಕಲಬುರಗಿಯ ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಹಾಲು ಸಕ್ಕರೆ ಇಲ್ಲದ ಟೀ ಕಾಫಿ, ಬೇಳೆಯಿಲ್ಲದ ತಿಳಿಸಾರು ಸರಿ. ಮದ್ಯ ಬೇಡವೇ ಬೇಡ. ಏಕಾದಶಿ, ಶನಿವಾರದ ಒಪ್ಪೊತ್ತು, ರಂಜಾನ್ ಉಪವಾಸವನ್ನು ಇದರ ಮೇಲೆ ಹೇರಬೇಡಿ. ಶುರು ಮಾಡುವ ತಾರೀಖನ್ನು ಕ್ಯಾಲೆಂಡರ್ ಮುಂದಿಟ್ಟುಕೊಂಡು ಆರಿಸಿ: ಮುಂದಿನ ಹನ್ನೆರಡು ವಾರದಲ್ಲಿ ಮನೆಯ ಮದುವೆಯೋ ದಸರೆಯೋ ಇದ್ದರೆ ಮುಂದಕ್ಕೆ ಹಾಕಿ. ‘ಒಂದು ಹೋಳಿಗೆಗೆ ಏನಾಗತ್ತೆ’ ಎನ್ನುವ ದೊಡ್ಡಮ್ಮನಿಗೆ ಕ್ಯಾಲೊರಿ ವಿವರಿಸಲು ಹೋಗಬೇಡಿ, ಡಾಕ್ಟರ್ ಬರೆದ ಚೀಟಿ ತೋರಿಸಿ.

ಹೊಸದಾಗಿ ಜಿಮ್ ಸೇರುವ ಕಾಲ ಇದಲ್ಲ. ರೂಢಿಯ ನಡಿಗೆ ಇರಲಿ, ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಹತ್ತು ಹತ್ತರಂತೆ ದಿನಕ್ಕೆ ಮೂರು ಸಲ ಮಾಡಿ, ಸ್ನಾಯುವಿಗಾಗಿ.

ಮೊದಲ ವಾರಗಳಲ್ಲಿ ಕಾಡುವುದು

ಎರಡನೇ ದಿನದಿಂದ ನಾಲ್ಕನೇ ದಿನದವರೆಗೆ ತಲೆನೋವು, ಸುಸ್ತು, ಸಿಡುಕು. ಹೆಚ್ಚಿನಂಶ ಉಪ್ಪು ನೀರಿನ ಕೊರತೆ. ಹೃದಯ ಕಿಡ್ನಿ ತೊಂದರೆ ಇಲ್ಲದವರು ಒಂದು ಬಟ್ಟಲು ಉಪ್ಪುಸಹಿತ ತಿಳಿಸಾರು ಕುಡಿದರೆ ಹಗುರಾಗುತ್ತದೆ. ಮೊದಲ ವಾರ 2–3 ಕೆ.ಜಿ. ಇಳಿದರೆ ಅದು ಬಹುಪಾಲು ನೀರು. ಆಮೇಲೆ ವಾರಕ್ಕೆ ಒಂದು ಕೆ.ಜಿ. ಆಸುಪಾಸು. ಈ ನಿಧಾನ ಕಂಡು ‘ಕೆಲಸ ಮಾಡುತ್ತಿಲ್ಲ’ ಎಂದು ಮೂರನೇ ವಾರ ಬಿಡುವವರು ಬಹಳ.

ಮಲಬದ್ಧತೆ ಬಹಳ ಜನರಿಗೆ. ತೊಂದರೆ ಬರುವ ತನಕ ಕಾಯದೆ ಮೊದಲ ದಿನದಿಂದಲೇ ರಾತ್ರಿ ಒಂದೆರಡು ಚಮಚ ಇಸಬಗೋಲು, ದೊಡ್ಡ ಲೋಟ ನೀರಿನ ಜತೆ. ನೀರು ಕಡಿಮೆಯಾದರೆ ಇಸಬಗೋಲೇ ಗಟ್ಟಿಯಾಗಿ ಕೂರುತ್ತದೆ. ಚಳಿ, ಬಾಯಿವಾಸನೆ ತಾನಾಗಿ ಹೋಗುತ್ತವೆ. ಮೂರನೇ ತಿಂಗಳಲ್ಲಿ ಕೂದಲು ಉದುರಬಹುದು. ವೇಗವಾಗಿ ತೂಕ ಇಳಿದಾಗ ಹೀಗಾಗುತ್ತದೆ, ಮತ್ತೆ ಬೆಳೆಯುತ್ತದೆ. ಬಲ ಪಕ್ಕೆಲುಬಿನ ಕೆಳಗೆ ಹಿಂಡುವ ನೋವು, ಹೆಬ್ಬೆರಳು ಕೆಂಪಗೆ ಊದಿಕೊಳ್ಳುವುದು, ಇವೆರಡಕ್ಕೆ ವೈದ್ಯರನ್ನು ಕಾಣಿ: ಒಂದು ಪಿತ್ತದ ಕಲ್ಲು, ಇನ್ನೊಂದು ಯೂರಿಕ್ ಆಸಿಡ್‌ನಿಂದ ಬರುವ ಕೀಲುನೋವಾದ ಗೌಟ್ ಇರಬಹುದು.

ಶುಗರ್ ಪರೀಕ್ಷೆ ಮೊದಲ ಎರಡು ವಾರ ದಿನಕ್ಕೆರಡು ಸಲ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತು ರಾತ್ರಿಯ ಶೇಕ್‌ಗೆ ಮುಂಚೆ. ಬಿಪಿ ದಿನಕ್ಕೊಮ್ಮೆ, ಕೂತು ಒಮ್ಮೆ, ನಿಂತು ಒಮ್ಮೆ. 70ಕ್ಕಿಂತ ಕಡಿಮೆ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷಕ್ಕೆ ಮತ್ತೆ ನೋಡಿ, ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ನಿಂತಾಗ ಮೇಲಿನ ಬಿಪಿ 100ಕ್ಕಿಂತ ಕಡಿಮೆಯಾದರೂ ಅಷ್ಟೇ. ಮಾತ್ರೆ ನಿಲ್ಲಿಸಿದ ಮೊದಲ ದಿನಗಳಲ್ಲಿ ಅಂಕಿ ತುಸು ಏರಬಹುದು. ಆದರೆ ದಿನದಿನಕ್ಕೂ ಏರುತ್ತಲೇ ಹೋದರೆ ಕಾಯಬೇಡಿ, ತಿಳಿಸಿ. ಜ್ವರ, ವಾಂತಿ, ಭೇದಿ ಬಂದ ದಿನ ಶೇಕ್‌ಗೆ ಅಂಟಿಕೊಳ್ಳಬೇಡಿ. ಗಂಜಿ ನೀರು ಕುಡಿದು ಸುಧಾರಿಸಿಕೊಳ್ಳಿ. ಮೆಟ್‌ಫಾರ್ಮಿನ್ ಇದ್ದರೆ ಆ ದಿನಗಳಿಗೆ ನಿಲ್ಲಿಸಬೇಕೇ ಎಂದು ಕೇಳಿ.

ಪೂರ್ತಿ ಆಗದಿದ್ದರೆ ಅರ್ಧ

ಎರಡು ಹೊತ್ತು ಶೇಕ್, ಒಂದು ಹೊತ್ತು 400 ಕ್ಯಾಲೊರಿಯ ಊಟ. ಅಮೆರಿಕದ ‘ಲುಕ್ ಅಹೆಡ್’ ಅಧ್ಯಯನದಲ್ಲಿ ಈ ಬಗೆಯ ಭಾಗಶಃ ಬದಲಿ, ವ್ಯಾಯಾಮ, ನಿಯಮಿತ ಭೇಟಿ ಎಲ್ಲ ಸೇರಿ ಮೊದಲ ವರ್ಷ ಸರಾಸರಿ ಶೇ. 8.6 ತೂಕ ಇಳಿಯಿತು. ವೇಗ ಕಡಿಮೆ, ಆದರೆ ಮನೆಮಂದಿಯ ಜತೆ ಒಂದು ಹೊತ್ತು ಕೂತು ಉಣ್ಣಬಹುದು. ಮಾತ್ರೆಯ ಎಚ್ಚರಿಕೆ ಇದಕ್ಕೂ ಅನ್ವಯ.

400 ಕ್ಯಾಲೊರಿ ಅಂದರೆ: 30 ಗ್ರಾಂ ಹಿಟ್ಟಿನ ಒಂದು ಚಪಾತಿ ಅಥವಾ ಜೋಳದ ರೊಟ್ಟಿ, 30 ಗ್ರಾಂ ಒಣಕಾಳಿನಿಂದ ಮಾಡಿದ ಗಟ್ಟಿ ಹುಳಿ ಅಥವಾ ಎರಡು ಮೊಟ್ಟೆ, ಒಂದು ಚಮಚ ಎಣ್ಣೆಯಲ್ಲಿ ಮಾಡಿದ ಎರಡು ಬಟ್ಟಲು ಸೊಪ್ಪಿನ ಅಥವಾ ಹುರುಳಿಕಾಯಿ ಪಲ್ಯ, ಅರ್ಧ ಬಟ್ಟಲು ಮೊಸರು, ಬೇಕಾದಷ್ಟು ಸೌತೆಕಾಯಿ. ಚಮಚ ಎಂದರೆ ಅಳತೆಯ 5 ಮಿ.ಲೀ. ಚಮಚ. ಒಗ್ಗರಣೆ ಸೌಟಿನ ಅಂದಾಜಿನಲ್ಲಿ ಹಾಕಿದರೆ 45 ಕ್ಯಾಲೊರಿ ಇದ್ದದ್ದು 150 ಆಗುತ್ತದೆ, ತಟ್ಟೆಯಲ್ಲಿ ಮಾತ್ರ ಏನೂ ವ್ಯತ್ಯಾಸ ಕಾಣುವುದಿಲ್ಲ.

ಊಟಕ್ಕೆ ಮರಳುವುದು

ಹನ್ನೆರಡನೇ ವಾರದ ಮರುದಿನವೇ ಬಿಸಿಬೇಳೆಬಾತಿಗೆ ಕೂರುವವರಿಗೆ ಇಳಿದ ತೂಕ ಬೇಗ ವಾಪಸ್. ಮರಳಲು ಆರರಿಂದ ಎಂಟು ವಾರ ಇಟ್ಟುಕೊಳ್ಳಿ. ಮೊದಲ ಎರಡು ವಾರ ಮಧ್ಯಾಹ್ನದ ಶೇಕ್ ತೆಗೆದು ಮೇಲೆ ಹೇಳಿದ 400 ಕ್ಯಾಲೊರಿಯ ಊಟ. ಮುಂದಿನ ಎರಡು ವಾರ ರಾತ್ರಿಯದೂ ಊಟ. ಆಮೇಲೆ ಬೆಳಗಿನ ತಿಂಡಿ. ಸಂಜೆ ನಾಲ್ಕರ ಶೇಕ್ ಕೊನೆಗೆ ಹೋಗಲಿ, ಬೋಂಡಾ ಹೊತ್ತು ಅದೇ ತಾನೆ. ಪ್ರತಿ ಹಂತದಲ್ಲಿ ಊಟವಾದ ಎರಡು ಗಂಟೆಗೆ ಶುಗರ್ ನೋಡಿ. ಅನ್ನ, ಮುದ್ದೆ, ಇಡ್ಲಿ ಯಾವುದು ಎಷ್ಟಾದರೆ ನಿಮಗೆ ಏರುತ್ತದೆ ಎನ್ನುವುದನ್ನು ನಿಮ್ಮ ಮೀಟರ್ರೇ ಹೇಳುತ್ತದೆ. 75 ಗ್ರಾಂ ರಾಗಿಹಿಟ್ಟಿನ ಮುದ್ದೆ ಸುಮಾರು 240 ಕ್ಯಾಲೊರಿ. ಅದರ ಅರ್ಧ ಗಾತ್ರದಿಂದ ಶುರು ಮಾಡಿ, ಸೊಪ್ಪುಸಾರು ಎರಡು ಪಟ್ಟು ಇರಲಿ. ಅಡುಗೆ ತಕ್ಕಡಿಯೊಂದನ್ನು ಮೊದಲ ತಿಂಗಳು ಬಳಸಿದರೆ ಆಮೇಲೆ ಕಣ್ಣಳತೆ ಬರುತ್ತದೆ.

ಇಳಿದ ದೇಹಕ್ಕೆ ಮೊದಲಿನಷ್ಟು ಊಟ ಬೇಕಿಲ್ಲ. 74ರಿಂದ 64ಕ್ಕೆ ಬಂದವರು 74ರ ತಟ್ಟೆಗೆ ಮರಳಿದರೆ 74ಕ್ಕೇ ಮರಳುತ್ತಾರೆ. ನಡಿಗೆ, ಭಾರ ಎತ್ತುವ ವ್ಯಾಯಾಮ ಹೆಚ್ಚಿಸಬೇಕಾದದ್ದು ಈ ಹಂತದಲ್ಲಿ.

ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಅತಿ ಕಡಿಮೆ ಇದ್ದ ತೂಕಕ್ಕಿಂತ 2 ಕೆ.ಜಿ. ಏರಿದರೆ ನಾಲ್ಕು ವಾರ ಒಂದೋ ಎರಡೋ ಹೊತ್ತು ಶೇಕ್. 4 ಕೆ.ಜಿ. ಏರಿದರೆ ಅಥವಾ ಶುಗರ್ ಮರಳಿದರೆ ವೈದ್ಯರನ್ನು ಕೇಳಿ ನಾಲ್ಕು ವಾರ ಪೂರ್ಣ ಬದಲಿ. ಡೈರೆಕ್ಟ್‌ನವರು ಇಟ್ಟುಕೊಂಡದ್ದೂ ಇಂಥದ್ದೇ ಏರ್ಪಾಡು. ಐದು ಕೆ.ಜಿ. ಏರಿದ ಮೇಲೆ ನಾಚಿಕೆಯಿಂದ ತಕ್ಕಡಿ ಅಟ್ಟಕ್ಕೇರಿಸುವವರಿಗೆ ಈ ಏರ್ಪಾಡು ಉಪಯೋಗಕ್ಕೆ ಬರುವುದಿಲ್ಲ.

ಎಚ್‌ಬಿಎ1ಸಿಯನ್ನು ಮೂರು ತಿಂಗಳಿಗೊಮ್ಮೆ ನೋಡಿ. ಮಾತ್ರೆ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ 6.5ಕ್ಕಿಂತ ಕೆಳಗಿದ್ದರೆ ವೈದ್ಯರು ಅದನ್ನು ರೆಮಿಷನ್ ಎಂದು ಬರೆಯುತ್ತಾರೆ. ಆಗಲೂ ವರ್ಷಕ್ಕೊಮ್ಮೆ ಎಚ್‌ಬಿಎ1ಸಿ, ಕಣ್ಣು, ಪಾದ, ಮೂತ್ರದ ಆಲ್ಬುಮಿನ್ ಪರೀಕ್ಷೆ ನಿಲ್ಲಿಸಬೇಡಿ. ಹಳೆಯ ವರ್ಷಗಳ ಶುಗರ್ ಮಾಡಿಟ್ಟ ಹಾನಿ ಅಂಕಿ ಇಳಿದ ಮೇಲೂ ಕಾಣಿಸಿಕೊಳ್ಳಬಹುದು.